ಪತ್ತೇದಾರನೂ ಸತ್ಯಾನ್ವೇಷಿಯೂ

ಬಾಸು ಚಟರ್ಜಿಯವರ ಬ್ಯೋಮಕೇಶ್ ಬಕ್ಷಿ ಧಾರಾವಾಹಿ 1993ರಲ್ಲಿ ದೂರದರ್ಶನದಲ್ಲಿ ಬರತೊಡಗಿದಾಗ ನಾನು ಅರಸೀಕೆರೆಯಲ್ಲಿ ಹೈಸ್ಕೂಲು ಓದುತ್ತಿದ್ದೆ. ಹಿಂದಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಊಹಿಸಿಕೊಳ್ಳುತ್ತಿದ್ದೆ. ಪಂಚೆಯುಟ್ಟ ಸಂಸಾರಸ್ಥನೊಬ್ಬ ಚಹಾ ಕುಡಿಯುತ್ತ, ಮಾತಿನಲ್ಲೇ ಕೊಲೆಗಾರನನ್ನು ಹಿಡಿದುಬಿಡುವುದು ಆಗ ನನಗೆ ತೀರ ಸಪ್ಪೆಯೆನಿಸಿತ್ತು. ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದ ಎನ್. ನರಸಿಂಹಯ್ಯನವರ ಪುರುಷೋತ್ತಮನನ್ನು ಗಣಿತದ ಪುಸ್ತಕದ ನಡುವೆ ಅಡಗಿಸಿಟ್ಟುಕೊಂಡು ಓದುತ್ತಿದ್ದ ಹುಡುಗನಿಗೆ, ಓಡದ, ಜಿಗಿಯದ ಪತ್ತೇದಾರ ಏಕೆ ಬೇಕೆಂಬುದೇ ಅರ್ಥವಾಗಿರಲಿಲ್ಲ.

ಅದೇ ಬ್ಯೋಮಕೇಶನನ್ನು ಈಗ ವರ್ಷಕ್ಕೊಮ್ಮೆಯಾದರೂ ಮೊದಲಿನಿಂದ ಓದುತ್ತೇನೆ, ಅದೂ ಬಂಗಾಳಿಯಲ್ಲಿ. ಉದ್ಯೋಗದ ನಿಮಿತ್ತ ಕೋಲ್ಕತ್ತಾಕ್ಕೆ ಬಂದು ದಕ್ಷಿಣ ಭಾಗದ ಒಂದು ಹಳೆಯ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದಾಗ, ಕೆಳಗಿನ ಮನೆಯೊಡತಿ, ನಾನು ಮಾಸಿಮಾ ಎಂದು ಕರೆಯುವ ಹಿರಿಯರು, ನನ್ನ ಮೀನಂಗಡಿಯ ಬಂಗಾಳಿಯನ್ನು ಕೇಳಿ ಮರುಗಿ, ಇಟ್ಟಿಗೆಯಷ್ಟು ದಪ್ಪದ ಸಂಪುಟವೊಂದನ್ನು ಕೈಗಿಟ್ಟರು. ಬ್ಯೋಮಕೇಶನ ಎಲ್ಲ ಕಥೆಗಳೂ ಅದರಲ್ಲಿದ್ದವು. ಅದು ಅವರ ತಂದೆ ಅವರಿಗೆ ಕೊಟ್ಟದ್ದಂತೆ. ಮೊದಲ ಪುಟದಲ್ಲಿ ತಂದೆಯ ಅಕ್ಷರದಲ್ಲಿ ಆಶೀರ್ವಾದವೂ ಇತ್ತು. ಪತ್ತೇದಾರಿ ಪುಸ್ತಕದ ಮೇಲೆ ತಂದೆಯ ಆಶೀರ್ವಾದ! ನಮ್ಮ ಮನೆಯಲ್ಲಿ ಅಂಥ ಪುಸ್ತಕ ತಂದೆಯ ಕೈಗೆ ಸಿಕ್ಕರೆ ಬಚ್ಚಲೊಲೆಯ ಪಾಲಾಗುತ್ತಿತ್ತು.

ಒಲವು ಒಮ್ಮೆಗೇ ಹುಟ್ಟಲಿಲ್ಲ. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಆರಂಭಿಸಿದ ಈ ಮಾಲೆಯ ಮೊದಲ ಕಥೆಗಳು ಸಾಧುಭಾಷೆಯಲ್ಲಿವೆ, ಎಂದರೆ ನಮ್ಮ ಗ್ರಾಂಥಿಕ ಕನ್ನಡದಂತಹ ಬರಹದ ಬಂಗಾಳಿಯಲ್ಲಿ. ಬೀದಿಯಲ್ಲಿ ‘ಕೊರ್ಛಿ’ ಎಂದು ಕಲಿತವನಿಗೆ ಪುಸ್ತಕದಲ್ಲಿ ‘ಕೊರಿತೆಛಿ’ ಎದುರಾದರೆ ಪ್ರತಿ ಕ್ರಿಯಾಪದಕ್ಕೂ ತಡೆದು ನಿಲ್ಲಬೇಕಾಗುತ್ತದೆ. ಆದರೆ ಕೆಲವು ವಾರಗಳಲ್ಲಿ ಒಂದು ವಿಚಿತ್ರ ಸಂಗತಿ ಗಮನಕ್ಕೆ ಬಂತು: ಕ್ರಿಯಾಪದಗಳನ್ನು ದಾಟಿದರೆ ಉಳಿದುದೆಲ್ಲ ನನಗೆ ಬರುವ ಮಾತೇ ಆಗಿತ್ತು. ಬಂಗಾಳಿಯಲ್ಲಿ ವಕಾರವು ಬಕಾರವಾಗುವುದರಿಂದ ಬ್ಯೋಮಕೇಶನೆಂದರೆ ನಮ್ಮ ವ್ಯೋಮಕೇಶ, ಸಾಕ್ಷಾತ್ ಶಿವ. ಕಥೆಗಳ ಹೆಸರುಗಳಾದರೋ ‘ಆದಿಮ ರಿಪು’, ‘ವಹ್ನಿ-ಪತಂಗ’, ‘ದುರ್ಗ ರಹಸ್ಯ’. ‘ಅರ್ಥಮನರ್ಥಂ’ ಎಂಬ ಶೀರ್ಷಿಕೆಯನ್ನು ಕಂಡಾಗ ಅಜ್ಜಿ ಮುಂಜಾನೆ ಹೇಳಿಕೊಳ್ಳುತ್ತಿದ್ದ ಭಜಗೋವಿಂದಂ ಕಿವಿಯಲ್ಲಿ ಮೊಳಗಿತು, ಮತ್ತು ಕೊಲೆಯ ಹಿಂದೆ ಉಯಿಲಿನ ಹಣವಿರಬೇಕೆಂಬ ನನ್ನ ಊಹೆಗೆ ಶಂಕರಾಚಾರ್ಯರೇ ಸುಳಿವು ಕೊಟ್ಟಂತಾಯಿತು. ಆಡುವ ಬಂಗಾಳಿಗಿಂತ ಬರೆಯುವ ಬಂಗಾಳಿ ಕನ್ನಡಿಗನಿಗೆ ಹತ್ತಿರವೆಂಬುದನ್ನು ನನಗೆ ಯಾವ ಭಾಷಾಕಲಿಕೆಯ ಪುಸ್ತಕವೂ ಹೇಳಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದಾಗ ಅವರಿಗೂ ಇದೇ ಸೇತುವೆ ಒದಗಿರಬಹುದು.

ಭಾಷೆಯ ಈ ಒಳಜಗಳ ಮಾಲೆಯೊಳಗೇ ಒಂದು ತಮಾಷೆಯಾಗಿದೆ. ಕಥೆಗಳನ್ನು ಹೇಳುವವನು ಬ್ಯೋಮಕೇಶನ ಗೆಳೆಯ ಅಜಿತ್. ಆದರೆ ಕೊನೆಯ ಕಥೆಗಳಲ್ಲೊಂದಾದ ‘ವೇಣೀಸಂಹಾರ’ಕ್ಕೆ ಬರುವ ಹೊತ್ತಿಗೆ ಲೇಖಕರು ಅವನನ್ನು ಆ ಕೆಲಸದಿಂದ ಬಿಡುಗಡೆ ಮಾಡಿರುತ್ತಾರೆ, ಅವನ ಭಾಷೆ ಹಳತಾಯಿತು, ಆಡುಮಾತಿನ ಬರವಣಿಗೆ ಅವನಿಗೆ ಇನ್ನೂ ಒಗ್ಗಿಲ್ಲ ಎಂಬುದೂ ಅದಕ್ಕೆ ಕೊಟ್ಟ ಒಂದು ಕಾರಣ. ತಮ್ಮದೇ ಹಳೆಯ ಶೈಲಿಯನ್ನು ಪಾತ್ರವೊಂದರ ತಲೆಗೆ ಕಟ್ಟಿ ನಿವೃತ್ತಿಗೊಳಿಸಿದ ಆ ಜಾಣತನಕ್ಕೆ ನಾನು ಇಂದಿಗೂ ನಗುತ್ತೇನೆ.

ಕೊಲೆಯ ತಂತ್ರಗಳಿಗಾಗಿ ಈ ಮಾಲೆಯನ್ನು ಮೆಚ್ಚಿಕೊಂಡವನು ನಾನಲ್ಲ. ರಸ್ತೆ ದಾಟುವವರ ಎದೆಗೆ ಗ್ರಾಮೊಫೋನ್ ಪಿನ್ನು ಹೊಕ್ಕು ಸಾಯುವ ಕಥೆ ಚೆನ್ನಾಗಿದೆ, ನಿಜ. ಆದರೆ ಗುಟ್ಟು ಒಮ್ಮೆ ತಿಳಿದ ಮೇಲೆ ಅದನ್ನು ಮತ್ತೆ ಓದಿಸುವುದು ಬೇರೆಯೇ. ಮೊದಲ ಭೇಟಿಯಲ್ಲಿ ಬ್ಯೋಮಕೇಶ ಒಂದು ಮೆಸ್‌ನಲ್ಲಿ ಸುಳ್ಳು ಹೆಸರಿನಿಂದ ಇರುವ ತರುಣ. (ಇಲ್ಲಿ ಮೆಸ್ ಎಂದರೆ ನಮ್ಮಲ್ಲಿಯಂತೆ ಊಟದ ಮನೆಯಷ್ಟೇ ಅಲ್ಲ, ಊರಿಂದ ದುಡಿಯಲು ಬಂದ ಗಂಡಸರು ಒಟ್ಟಾಗಿ ವಾಸಿಸುವ ಮನೆ.) ಆಮೇಲೆ ಹ್ಯಾರಿಸನ್ ರಸ್ತೆಯಲ್ಲಿ ಅಜಿತನೊಡನೆ ಮನೆ ಮಾಡುತ್ತಾನೆ. ‘ಅರ್ಥಮನರ್ಥಂ’ ಕಥೆಯಲ್ಲಿ ಯಾರ ಅಣ್ಣನನ್ನು ಕೊಲೆಯ ಆರೋಪದಿಂದ ಪಾರುಮಾಡುತ್ತಾನೋ ಆ ಸತ್ಯವತಿಯನ್ನೇ ಮದುವೆಯಾಗುತ್ತಾನೆ. ಮಗು ಹುಟ್ಟುತ್ತದೆ, ಗಂಡಹೆಂಡಿರ ಕೀಟಲೆ ಜಗಳಗಳು ನಡೆಯುತ್ತವೆ, ಸ್ವಂತ ಮನೆಯ ಮಾತು ಬರುತ್ತದೆ, ಕೊನೆಗೆ ದಕ್ಷಿಣ ಕಲ್ಕತ್ತಾದ ಕೇಯಾತಲಾದಲ್ಲಿ ಅದೂ ಆಗುತ್ತದೆ. ಈ ನಡುವೆ ‘ಆದಿಮ ರಿಪು’ವಿನಲ್ಲಿ 1946ರ ಗಲಭೆಯ ಕಲ್ಕತ್ತಾ ಕಿಟಕಿಯಾಚೆ ಉರಿಯುತ್ತಿರುತ್ತದೆ. ಅಪರಾಧಿ ಯಾರೆಂದು ತಿಳಿದ ಮೇಲೂ ಪೊಲೀಸರಿಗೆ ಒಪ್ಪಿಸಬೇಕೋ ಬೇಡವೋ ಎಂದು ತಾನೇ ತೂಗುವ ಮನುಷ್ಯ ಅವನು. ಗೊಯೆಂದಾ, ಡಿಟೆಕ್ಟಿವ್ ಎಂಬ ಪದಗಳು ಅವನಿಗಾಗದೆ ಬಾಗಿಲಿಗೆ ‘ಸತ್ಯಾನ್ವೇಷಿ’ ಎಂಬ ಹಲಗೆ ತೂಗುಹಾಕಿಕೊಂಡದ್ದು ಬರಿಯ ಠೀವಿಯೆಂದು ಮೊದಲು ಅಂದುಕೊಂಡಿದ್ದೆ. ನಮ್ಮ ಪತ್ತೇದಾರ ಹೆಸರಿಗೆ ತಕ್ಕಂತೆ ಪತ್ತೆ ಹಚ್ಚಿದರೆ ಅವನ ಕೆಲಸ ಮುಗಿಯುತ್ತದೆ. ಬ್ಯೋಮಕೇಶನಿಗೆ ಹಲವು ಸಲ ಕಷ್ಟ ಶುರುವಾಗುವುದೇ ಅಲ್ಲಿಂದ.

ಬಂಗಾಳಿಗಳು ಪತ್ತೇದಾರಿ ಸಾಹಿತ್ಯವನ್ನು ಇಟ್ಟುಕೊಂಡಿರುವ ರೀತಿಯನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತದೆ. ದುರ್ಗಾಪೂಜೆಗೆ ಬರುವ ವಿಶೇಷಾಂಕಗಳಲ್ಲಿ ಇಡೀ ಕಾದಂಬರಿಗಳನ್ನೇ ಅಚ್ಚು ಮಾಡುವುದು ಇಲ್ಲಿನ ವಾಡಿಕೆ. ಸತ್ಯಜಿತ್ ರಾಯರ ಫೆಲುದಾ ಕಾದಂಬರಿಗಳು ‘ದೇಶ್’ ಪತ್ರಿಕೆಯ ಪೂಜಾ ಸಂಚಿಕೆಗಳಲ್ಲಿ ಬಂದದ್ದು ಹೀಗೆಯೇ. ನಮ್ಮ ದೀಪಾವಳಿ ವಿಶೇಷಾಂಕದಲ್ಲಿ ಕಥಾಸ್ಪರ್ಧೆಯ ಗಂಭೀರ ಕಥೆಗಳ ಪಕ್ಕ ಪತ್ತೇದಾರನನ್ನು ಕೂರಿಸುವ ಧೈರ್ಯವನ್ನು ನಾನಂತೂ ಕಂಡಿಲ್ಲ. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ನವೆಂಬರಿನಲ್ಲಿ ಬಾವುಟವನ್ನು ಏರಿಸುವ ನಾವು ಆ ಕಾದಂಬರಿಗಳನ್ನು ಮರೆತೇಬಿಟ್ಟಿದ್ದೇವೆ. ಕೋಲ್ಕತ್ತಾದ ಪುಸ್ತಕದಂಗಡಿಗಳ ಬೀದಿಯಾದ ಕಾಲೇಜ್ ಸ್ಟ್ರೀಟಿನಲ್ಲಿ ಬ್ಯೋಮಕೇಶನ ಹೊಸ ಪ್ರತಿ ಯಾವತ್ತು ಹೋದರೂ ಸಿಗುತ್ತದೆ. ಬಾಲ್ಯದಲ್ಲಿ ಓದಿದ ಪುರುಷೋತ್ತಮನೊಬ್ಬನನ್ನು ಹುಡುಕಿಕೊಂಡು ಊರಿಗೆ ಹೋದಾಗಲೆಲ್ಲ ನಾನು ಬರಿಗೈಯಲ್ಲಿ ಬಂದಿದ್ದೇನೆ. ಕೈಯಿಂದ ಕೈಗೆ ದಾಟಿ ಹರಿದುಹೋಗುವಷ್ಟು ಓದಿಸಿಕೊಂಡದ್ದೇ ಅವುಗಳ ತಪ್ಪಾಯಿತು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಬ್ಯೋಮಕೇಶನದು ಭದ್ರಲೋಕದ, ಎಂದರೆ ಓದುಬರಹ ಬಲ್ಲ ಮೇಲುವರ್ಗದ ಬಂಗಾಳಿಗಳ ಜಗತ್ತು. ಆಳು ಪುಟಿರಾಮ್ ಚಹಾ ತಂದಿಟ್ಟು ಒಳಗೆ ಹೋಗುತ್ತಾನೆ, ಇಷ್ಟು ಕಥೆಗಳು ಮುಗಿದರೂ ಅವನ ಮನಸ್ಸಿನಲ್ಲೇನಿದೆಯೆಂದು ನಮಗೆ ತಿಳಿಯುವುದಿಲ್ಲ. ಹೆಚ್ಚು ಶಾಲೆ ಕಾಣದ ನರಸಿಂಹಯ್ಯನವರ ಪುಸ್ತಕಗಳನ್ನು ನಮ್ಮೂರಿನಲ್ಲಿ ಸೈಕಲ್ ಶಾಪಿನ ಹುಡುಗರು, ಹೋಟೆಲ್ ಮಾಣಿಗಳು, ಬೀಡಿ ಕಟ್ಟುವ ಹೆಂಗಸರು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಮಾಸಿಮಾರವರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಮನೆಯ ಅಡುಗೆಯವಳು ಬ್ಯೋಮಕೇಶನನ್ನು ಓದಿದ್ದಾಳೋ ಇಲ್ಲವೋ ಕೇಳಿಯೇ ಇಲ್ಲ’ ಎಂದರು.

ಈ ಮಾಲೆ ನನಗೆ ಇನ್ನಷ್ಟು ಹತ್ತಿರವಾದದ್ದು ಲೇಖಕರ ಬಾಳಿನ ವಿವರಗಳನ್ನು ತಿಳಿದ ಮೇಲೆ. ಕಲ್ಕತ್ತಾದ ಗಲ್ಲಿಗಲ್ಲಿಯನ್ನೂ ಬಲ್ಲವರಂತೆ ಬರೆದ ಶರದಿಂದು ಹುಟ್ಟಿದ್ದು ಉತ್ತರ ಪ್ರದೇಶದ ಜೌನ್‌ಪುರದಲ್ಲಿ. 1938ರಲ್ಲಿ ಬಾಂಬೆ ಟಾಕೀಸಿಗೆ ಚಿತ್ರಕಥೆ ಬರೆಯಲು ಮುಂಬೈಗೆ ಹೋದರು, ಬ್ಯೋಮಕೇಶ ಸುಮಾರು ಹದಿನೈದು ವರ್ಷ ಮೌನವಾಗಿದ್ದ. ಮತ್ತೆ ಲೇಖನಿ ಹಿಡಿದಾಗ ಅವರು ನೆಲೆಸಿದ್ದು ಪುಣೆಯಲ್ಲಿ, ಮತ್ತು ಕೇಯಾತಲಾದ ಮನೆ, ಸತ್ಯವತಿಯ ಮುನಿಸು, ಮಳೆಗಾಲದ ಕಲ್ಕತ್ತಾ ಎಲ್ಲವೂ ಆ ದೂರದಿಂದಲೇ ಬಂದವು. ನಾವು ಹೊರನಾಡ ಕನ್ನಡಿಗ ಎನ್ನುವಂತೆ ಇಲ್ಲಿಯವರು ‘ಪ್ರಬಾಸಿ ಬಾಂಗಾಲಿ’ ಎನ್ನುತ್ತಾರೆ. ಊರಿನಲ್ಲೇ ಇರುವವನಿಗೆ ಬೀದಿಯ ಹೆಸರು ಬರೆಯುವಾಗ ಅಷ್ಟು ಮುತುವರ್ಜಿ ಬೇಕಾಗುವುದಿಲ್ಲವೆಂದು ಈಗ ನನಗೆ ತೋರುತ್ತದೆ.

1970ರಲ್ಲಿ ಅವರು ತೀರಿಕೊಂಡಾಗ ‘ವಿಶುಪಾಲ ವಧ’ ಅರ್ಧಕ್ಕೇ ನಿಂತಿತ್ತು. ಮಾಘನ ಶಿಶುಪಾಲವಧೆಯನ್ನು ಅಣಕಿಸುವ ಹೆಸರು. ನಾಟಕದ ರಂಗದ ಮೇಲೆಯೇ ನಟನ ಸಾವು. ಕೊಲೆಗಾರ ಯಾರೆಂಬುದರ ಬಗ್ಗೆ ಮಾಸಿಮಾರವರದು ಒಂದು ವಾದ, ನನ್ನದು ಇನ್ನೊಂದು. ಕಳೆದ ಪೂಜೆಯ ದಿನಗಳಲ್ಲಿ ನಾನು ಹೊಸ ಸುಳಿವೊಂದನ್ನು ಮುಂದಿಟ್ಟಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಇನ್ನೊಮ್ಮೆ ಓದಿಕೊಂಡು ಬಾ’ ಎಂದು ಸಂಪುಟವನ್ನು ನನ್ನತ್ತ ತಳ್ಳಿದರು.