‘ಮೊದಲ ಮಹಿಳೆ’ಯ ಫ್ಲೆಕ್ಸು

ಮಾರ್ಚ್ 8ರ ಮಹಿಳಾ ದಿನ ಮುಗಿಯಿತಲ್ಲ, ಕನ್ನಡದ ಹಳೆಯ ತಲೆಮಾರಿನ ಲೇಖಕಿ ನಂಜನಗೂಡು ತಿರುಮಲಾಂಬ ಇನ್ನೊಂದು ವರ್ಷ ನೆಮ್ಮದಿಯಾಗಿರಬಹುದು. ಅವರನ್ನು ಸ್ಮರಿಸುವ ವಿದ್ಯೆ ನಮಗೀಗ ಕರಗತ. ಆರಡಿಗೆ ನಾಲ್ಕಡಿ ಫ್ಲೆಕ್ಸು. ಮುಕ್ಕಾಲು ಪಾಲು ಉದ್ಘಾಟಕರು, ಅಧ್ಯಕ್ಷರು, ಪ್ರಾಯೋಜಕರು. ಮೂಲೆಯಲ್ಲಿ ತಿರುಮಲಾಂಬ. ವಾಟ್ಸಾಪಿನಲ್ಲಿ ಬಂದ ಸಣ್ಣ ಪಟವನ್ನು ಹಿಗ್ಗಿಸಿ ಅಚ್ಚು ಹಾಕಿದ್ದರಿಂದ ಮುಖ ಚೌಕಳಿ ಚೌಕಳಿಯಾಗಿ ಒಡೆದಿರುತ್ತದೆ. ಪ್ರಾಯೋಜಕರದು ಸ್ಟುಡಿಯೋ ಫೋಟೊ, ಮೀಸೆಯ ಕೂದಲು ಎಣಿಸಬಹುದು.

ಭಾಷಣಕ್ಕೆ ಒಂದು ಪದ ಸಾಕು: ಮೊದಲ. ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ, ಮೊದಲ ಕಾದಂಬರಿಗಾರ್ತಿ. ಅಷ್ಟರಲ್ಲಿ ಉಪ್ಪಿಟ್ಟಿನ ವಾಸನೆ. ಸಮಯ ಮಿಕ್ಕರೆ ಕತೆಗಾರ್ತಿ ಕೊಡಗಿನ ಗೌರಮ್ಮನವರೂ ಬಂದು ಬೆರೆಯುತ್ತಾರೆ. 1934ರಲ್ಲಿ ಗಾಂಧೀಜಿಗೆ ಒಡವೆ ಕೊಟ್ಟವರು ಗೌರಮ್ಮ. 1939ರಲ್ಲಿ, 27ನೇ ವಯಸ್ಸಿಗೆ, ನೀರಲ್ಲಿ ಮುಳುಗಿ ತೀರಿಕೊಂಡವರೂ ಅವರೇ. ಮೈಕಿನ ಮುಂದೆ ಆ ಒಡವೆ, ಆ ಸಾವು ಎರಡೂ ತಿರುಮಲಾಂಬರ ಖಾತೆಗೆ ಜಮಾ. 1887ರಲ್ಲಿ ಹುಟ್ಟಿ 1982ರವರೆಗೆ ಬದುಕಿದವರಿಗೆ ‘ಅಕಾಲ ಮರಣ’! ಇನ್ನೆಷ್ಟು ವರ್ಷ ಬದುಕಬೇಕಿತ್ತೋ, ಪಾಪ.

‘ಕ್ರಾಂತಿಕಾರಿ ಸ್ತ್ರೀವಾದಿ’ ಅನ್ನುವುದು ಪುಸ್ತಕ ತೆರೆಯದವರು ಕೊಡುವ ಬಿರುದು. ತೆರೆದವರಿಗೆ ಪಜೀತಿ. 1913ರಲ್ಲಿ ಅವರು ಕಟ್ಟಿದ ಗ್ರಂಥಮಾಲೆಯ ಹೆಸರೇ ‘ಸತಿ ಹಿತೈಷಿಣಿ’. ಅದೇ ವರ್ಷದ ಅವರ ಕಾದಂಬರಿ ‘ಸುಶೀಲೆ’ ಎತ್ತಿ ಹಿಡಿಯುವುದು ಪತಿವ್ರತೆಯ ಆದರ್ಶವನ್ನು. ಹಾಗಾದರೆ ಸಂಪ್ರದಾಯಸ್ಥೆ ಎಂದು ಮಡಿಸಿಡೋಣವೇ? ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಮೂಲೆ ಹಿಡಿಯಬೇಕಿದ್ದ ಹುಡುಗಿ ಮುಂದೆ ಪುಸ್ತಕ ಬರೆದಳು, ತಾನೇ ಪ್ರಕಟಿಸಿದಳು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆ ನಡೆಸಿದಳು. ಗೃಹಿಣೀಧರ್ಮ ಬೋಧಿಸುತ್ತಲೇ ತಾನು ಮಾತ್ರ ಸಂಪಾದಕಿಯ ಕುರ್ಚಿಯಲ್ಲಿ ಕೂತಳು. ಜಗಳ ಆಡಬೇಕಾದ್ದು ಈ ವೈರುಧ್ಯದ ಜತೆ. ಆಡುವುದಿಲ್ಲ, ಯಾಕೆಂದರೆ ಅದಕ್ಕೆ ಓದಬೇಕು. ಓದದೆ ಹೊಗಳುವುದು ಗೌರವವಲ್ಲ ಸ್ವಾಮಿ, ಸೋಮಾರಿತನ. ವರ್ಷವರ್ಷವೂ ಅದೇ ಹಾರ, ಅದೇ ಮೂರು ವಾಕ್ಯ. ಕೇಳಿ ಕೇಳಿ ಸಾಕಾಗಿದೆ.

ಕೊನೆಗೆ ರಂಗೋಲಿ ಸ್ಪರ್ಧೆಯ ಬಹುಮಾನ: ಸ್ಟೀಲ್ ಡಬ್ಬ. ‘ಸುಶೀಲೆ’ಯನ್ನು ಕೊಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ, ಸಂಘಟಕರು ಪಟ್ಟಿ ನೋಡುತ್ತಾರೆ: ‘ಆ ಹೆಸರಿನವರು ಈ ಸಲ ಭಾಗವಹಿಸಿಲ್ಲ ಸಾರ್.’