ಹ್ಯಾಂಡ್ ಬ್ರೇಕ್ ಹಿಡಿದುಕೊಂಡರೆ ರಿಪೇರಿ ಮಾಡಿಸಿ, ಚಕ್ರಕ್ಕೆ ಕಲ್ಲು ಕೊಡಬೇಡಿ

ಮಧ್ಯಾಹ್ನದಿಂದ ತಲೆ ಬಿಸಿಯಾಗಿದೆ. ಇದನ್ನು ಬರೆಯದೆ ಇವತ್ತು ನಿದ್ದೆ ಬರುವುದಿಲ್ಲ.

ಏರಿನಲ್ಲಿ ಒಂದು ಪಿಕಪ್ ನಿಂತಿತ್ತು. ಹಿಂದೆ ಸಿಮೆಂಟ್ ಚೀಲಗಳ ಫುಲ್ ಲೋಡು. ಎಂಜಿನ್ ಓಡುತ್ತಲೇ ಇತ್ತು, ಡ್ರೈವರ್ ಕಾಲು ಬ್ರೇಕ್ ಮೇಲೇ ಇತ್ತು. ಹದಿನೆಂಟು ಹತ್ತೊಂಬತ್ತರ ಹುಡುಗನೊಬ್ಬ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿಗೆ ಕಲ್ಲು ಕೊಡುತ್ತಿದ್ದ. ಡ್ರೈವರ್ ಕಾಲು ಸಡಿಲ ಮಾಡಿದ. ಗಾಡಿ ಒಂದು ಗೇಣು ಹಿಂದೆ ಬಂತು. ಕಲ್ಲು ಕರಕರ ಅಂದು ಓರೆಯಾಗಿ ಜಾರಿತು. ಹುಡುಗ ಫಕ್ಕನೆ ಕೈ ಎಳೆದುಕೊಂಡ. ಕಣ್ಣು ಮಿಟುಕಿಸುವಷ್ಟು ತಡವಾಗಿದ್ದರೂ ಬೆರಳು ಉಳಿಯುತ್ತಿರಲಿಲ್ಲ.

ಡ್ರೈವರ್ ಹತ್ತಿರ ಹೋಗಿ ಹ್ಯಾಂಡ್ ಬ್ರೇಕ್ ಯಾಕೆ ಹಾಕಲಿಲ್ಲ ಅಂತ ಕೇಳಿದೆ. ಅವನು ಜಗಳವಾಡಲಿಲ್ಲ. ಮೆತ್ತಗೆ ಹೇಳಿದ: "ಹಾಕಿದ್ರೆ ಹಿಡ್ಕೊಂಡ್ಬಿಡುತ್ತೆ ಅಣ್ಣ, ಆಮೇಲೆ ಬಿಡೋದೇ ಇಲ್ಲ. ಗ್ಯಾರೇಜಲ್ಲೇ ಹೇಳಿದ್ರು, ಅದನ್ನ ಮುಟ್ಲೇಬೇಡ ಅಂತ."

ಈ ಮಾತು ಕೇಳಿದ್ದೇ ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಆ ಸಲಹೆ ಕೊಟ್ಟವರ ಮೇಲೆ. ಬ್ರೇಕ್ ಕೆಟ್ಟಿದೆ ಅಂತ ಗಾಡಿ ತಂದವನಿಗೆ "ಬ್ರೇಕ್ ಹಾಕಬೇಡ" ಅಂತ ಹೇಳಿ ಕಳಿಸುವುದು ರಿಪೇರಿಯೇ ಅಲ್ಲ. ಮೆಕ್ಯಾನಿಕ್ ಮಾಡಬೇಕಾಗಿದ್ದ ಕೆಲಸವನ್ನು ಒಂದು ಕಲ್ಲಿನ ಮೇಲೆ, ಒಬ್ಬ ಹುಡುಗನ ಕೈಯ ಮೇಲೆ ಹೊರಿಸಿದಂತೆ ಅದು.

ನಮ್ಮ ಪಿಕಪ್ ಕಥೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಹೇಳದೇ ಇದ್ದ ಒಂದು ಭಾಗವನ್ನು ಇವತ್ತು ಹೇಳುತ್ತೇನೆ. ನನಗೂ ಇದೇ ಸಲಹೆ ಸಿಕ್ಕಿತ್ತು, ನಾನೂ ಅದನ್ನು ನಂಬಿದ್ದೆ. ಎಂಟು ತಿಂಗಳು ಹ್ಯಾಂಡ್ ಬ್ರೇಕ್ ಮುಟ್ಟದೆ ಗಾಡಿ ಓಡಿಸಿದೆ. ಗೇರಲ್ಲಿ ಹಾಕಿ ಇಳಿದು ಹೋಗುತ್ತಿದ್ದೆ. ಒಂದು ದಿನ ತಮ್ಮ ಹಿಂದಿನ ಡಾಲಾ ಬಾಗಿಲು ತೆಗೆದು ಸಾಮಾನು ಇಳಿಸುತ್ತಿದ್ದ. ಗಾಡಿ ಅವನ ಕಡೆಗೆ ಒಂದು ಸಲ ಜಗ್ಗಿತು, ನಿಂತಿತು, ಮತ್ತೆ ಜಗ್ಗಿತು. ಅವನು ಪಕ್ಕಕ್ಕೆ ಹಾರಿದ, ಏನೂ ಆಗಲಿಲ್ಲ. ಆದರೆ ಆ ರಾತ್ರಿ ನಾನು ಊಟ ಮಾಡಲಿಲ್ಲ. ಮಾರನೇ ದಿನವೇ ಗಾಡಿ ಜಾಕ್ ಮೇಲೆ ಏರಿತು.

ಈ ಬ್ರೇಕ್ ಯಾಕೆ ಹಿಡಿದುಕೊಳ್ಳುತ್ತದೆ ಅನ್ನುವುದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಲೀವರ್‌ನಿಂದ ಹಿಂದಿನ ಚಕ್ರಗಳಿಗೆ ಹೋಗುವ ಕೇಬಲ್‌ಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ನೀವು ಲೀವರ್ ಎತ್ತಿದಾಗ ನಿಮ್ಮ ಇಡೀ ತೋಳಿನ ಬಲ ಕೇಬಲ್ ಮೇಲೆ ಬೀಳುತ್ತದೆ. ಒಳಗೆ ತುಕ್ಕಿದ್ದರೂ ಅದು ಎಳೆದುಕೊಂಡು ಬರುತ್ತದೆ. ಲೀವರ್ ಇಳಿಸಿದಾಗ ಕೇಬಲ್ಲನ್ನು ವಾಪಸ್ ಕರೆದುಕೊಂಡು ಹೋಗಬೇಕಾದದ್ದು ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ಮಿನ ಒಳಗಿನ ಸ್ಪ್ರಿಂಗ್‌ಗಳು. ಅವಕ್ಕೆ ನಿಮ್ಮ ತೋಳಿನ ಬಲ ಇಲ್ಲ. ಅದಕ್ಕೇ ತುಕ್ಕು ಹಿಡಿದ ಕೇಬಲ್ ಹಾಕುವಾಗ ಸಲೀಸಾಗಿ ಬಂದು, ಬಿಡುವಾಗ ಸಿಕ್ಕಿಕೊಳ್ಳುತ್ತದೆ.

ಇಲ್ಲೇ ಇನ್ನೊಂದು ಮೋಸ ಇದೆ. ಲೀವರ್ ಕೆಳಗಿಳಿಯುತ್ತದೆ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುತ್ತದೆ, ಬ್ರೇಕ್ ಬಿಟ್ಟಿತು ಅಂತ ನಾವು ಹೊರಡುತ್ತೇವೆ. ಆ ದೀಪದ ಸ್ವಿಚ್ ಇರುವುದು ಲೀವರ್ ಬುಡದಲ್ಲಿ. ಲೀವರ್ ಎಲ್ಲಿದೆ ಅನ್ನುವುದು ಅದಕ್ಕೆ ಗೊತ್ತು. ಹಿಂದೆ ಶೂ, ಅಂದರೆ ಡ್ರಮ್ಮನ್ನು ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ತುಂಡು, ಡ್ರಮ್ಮಿಗೆ ಒತ್ತಿಕೊಂಡೇ ಇದೆಯಾ ಇಲ್ಲವಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ದೀಪ ನಂಬಬೇಡಿ. ಗಾಡಿ ಎಳೆಯುವುದು ಭಾರ ಅನ್ನಿಸಿದರೆ, ನ್ಯೂಟ್ರಲ್‌ನಲ್ಲಿ ಬಿಟ್ಟಾಗ ಬೇಗ ನಿಂತರೆ, ಡೀಸೆಲ್ ಜಾಸ್ತಿ ಕುಡಿದರೆ, ಇಳಿದು ಹಿಂದಿನ ಎರಡು ಚಕ್ರದ ಹತ್ತಿರವೂ ಅಂಗೈ ಹಿಂಭಾಗ ಹಿಡಿದು ನೋಡಿ. ಮುಟ್ಟಬೇಡಿ, ಚರ್ಮ ಸುಡುತ್ತದೆ. ಒಂದು ಕಡೆ ಬೆಚ್ಚಗಿದ್ದು ಇನ್ನೊಂದು ಕಡೆ ಒಲೆಯ ಹಾಗೆ ಬಿಸಿ ಬರುತ್ತಿದ್ದರೆ ಬ್ರೇಕ್ ಹಿಡಿದಿರುವುದು ಆ ಕಡೆಯೇ.

ನಮ್ಮ ಗಾಡಿಯಲ್ಲಿ ಎಡಗಡೆ ಹಾಗಿತ್ತು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಮರದ ತುಂಡು ಕೊಟ್ಟು, ಸಮತಟ್ಟು ನೆಲದಲ್ಲಿ ಹಿಂಭಾಗ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟೆವು. ಆಕ್ಸಲ್ ಕೆಳಗೇ ಇಡಬೇಕು, ಚಾಸಿ (ಗಾಡಿಯ ಚೌಕಟ್ಟು) ಕೆಳಗಲ್ಲ. ಚಾಸಿ ಎತ್ತಿದರೆ ಆಕ್ಸಲ್ ಜೋತು ಬಿದ್ದು ಕೇಬಲ್‌ನ ಬಿಗಿತವೇ ಬದಲಾಗುತ್ತದೆ, ಇಲ್ಲದ ಜಾಮ್ ಕಾಣಿಸಬಹುದು. ಬರೀ ಜಾಕ್ ನಂಬಿ ಗಾಡಿ ಕೆಳಗೆ ಯಾರೂ ತಲೆ ಹಾಕಬೇಡಿ, ದಯವಿಟ್ಟು. ನ್ಯೂಟ್ರಲ್ ಮಾಡಿ, ಲೀವರ್ ಪೂರ್ತಿ ಇಳಿಸಿ, ಕೈಯಿಂದ ಚಕ್ರ ತಿರುಗಿಸಿದೆ. ಬಲಗಡೆಯದು ಸಣ್ಣಗೆ ಸರಸರ ಅನ್ನುತ್ತಾ ತಿರುಗಿತು. ಅಷ್ಟು ಸದ್ದು ಇರುತ್ತದೆ, ಪರವಾಗಿಲ್ಲ. ಎಡಗಡೆಯದನ್ನು ಎರಡು ಕೈ ಹಾಕಿ ತಳ್ಳಿದರೆ ಕಾಲು ಸುತ್ತು ಹೋಗಿ ನಿಂತಿತು.

ಈಗ ಹುಡುಕಬೇಕಾದದ್ದು ಮೂರೇ ಜಾಗ. ಬ್ರೇಕ್ ಕೇಬಲ್‌ನಲ್ಲಿ ಹಿಡಿದಿದೆಯೋ, ಡ್ರಮ್ಮಿನ ಒಳಗೆ ಹಿಡಿದಿದೆಯೋ, ಇಲ್ಲ ಬ್ರೇಕ್ ಆಯಿಲ್ ಪೈಪಿನಲ್ಲಿ ಒತ್ತಡ ಸಿಕ್ಕಿಕೊಂಡಿದೆಯೋ. ಗಾಡಿ ಕೆಳಗೆ, ಮುಂದಿನಿಂದ ಬಂದ ಒಂದು ಕೇಬಲ್ ಎರಡಾಗಿ ಎರಡು ಚಕ್ರಕ್ಕೆ ಹೋಗುವ ಕಡೆ ಒಂದು ಅಡ್ಡಪಟ್ಟಿ ಇರುತ್ತದೆ. ಅಲ್ಲಿನ ನಟ್ ಸಡಿಲ ಮಾಡಿದಾಗ ಚಕ್ರ ಬಿಟ್ಟುಕೊಂಡರೆ ತಪ್ಪು ಆ ನಟ್ಟಿನ ಮುಂದಕ್ಕೆ, ಲೀವರ್ ಕಡೆ, ಇಲ್ಲ ಕೇಬಲ್ ವಿಪರೀತ ಬಿಗಿ ಆಗಿದೆ. ಬಿಡಲಿಲ್ಲವಾದರೆ ಚಕ್ರದ ಬ್ಲೀಡ್ ನಿಪ್ಪಲ್‌ಗೆ (ಬ್ರೇಕ್ ಆಯಿಲ್ ಹೊರಗೆ ಬಿಡುವ ಸಣ್ಣ ತಿರುಪು) ಒಂದು ಟ್ಯೂಬ್ ಸಿಕ್ಕಿಸಿ ಸ್ವಲ್ಪ ತೆರೆಯಿರಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಇದು ಹ್ಯಾಂಡ್ ಬ್ರೇಕ್ ತೊಂದರೆಯೇ ಅಲ್ಲ. ರಬ್ಬರ್ ಹೋಸ್ ಒಳಗೇ ಊದಿಕೊಂಡಿರಬಹುದು, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಆಯಿಲ್ ವಾಪಸ್ ಬಿಡದೆ ಇರಬಹುದು. ಅದಕ್ಕೂ ಬಗ್ಗದಿದ್ದರೆ ಉಳಿದದ್ದು ಆ ಚಕ್ರದ ಕೇಬಲ್ ಮತ್ತು ಡ್ರಮ್ಮಿನ ಒಳಗಿನ ಸಾಮಾನು. ಇಷ್ಟು ನೋಡಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಕೊಡದೆ "ಹಾಕಬೇಡ" ಅನ್ನುತ್ತಾರಲ್ಲ, ಅದೇ ನನಗೆ ತಡೆದುಕೊಳ್ಳಲು ಆಗದ್ದು.

ನಮ್ಮದರಲ್ಲಿ ತಪ್ಪು ಕೇಬಲ್‌ನಲ್ಲಿತ್ತು. ಆಕ್ಸಲ್ ಹತ್ತಿರ ಕ್ಲಿಪ್ ಕೂರುವ ಕಡೆ ಕೇಬಲ್‌ನ ಮೇಲಿನ ಕಪ್ಪು ಪ್ಲಾಸ್ಟಿಕ್ ಸೀಳಿತ್ತು. ಉಗುರಿನಷ್ಟು ಉದ್ದದ ಸೀಳು, ಮೇಲೆ ಕೆಸರು ಒಣಗಿದ್ದರಿಂದ ಕಾಣುತ್ತಲೇ ಇರಲಿಲ್ಲ. ಬಟ್ಟೆಯಲ್ಲಿ ಒರೆಸಿ, ಅಲ್ಲಿ ಬಗ್ಗಿಸಿ ನೋಡಿದಾಗ ಕಂದು ಬಣ್ಣದ ನೀರು ತೊಟ್ಟಿಕ್ಕಿತು. ಒಳಗಿನ ತಂತಿ ತುಕ್ಕು ಹಿಡಿದು ಊದಿಕೊಂಡಿತ್ತು. ಬಿಚ್ಚಿ ಮೇಜಿನ ಮೇಲಿಟ್ಟು ಒಂದು ತುದಿ ಎಳೆದೆ. ಬಂತು. ಬಿಟ್ಟೆ. ಅಲ್ಲೇ ನಿಂತಿತು. ಎಂಟು ತಿಂಗಳ ಭಯಕ್ಕೆ ಕಾರಣ ಅಷ್ಟೇ.

ಇಂಥ ಕೇಬಲ್‌ಗೆ ಸ್ಪ್ರೇ ಹೊಡೆದು, ಎಣ್ಣೆ ಬಿಟ್ಟು ಜಗ್ಗಾಡಿಸಿ ಸರಿ ಮಾಡುವವರಿದ್ದಾರೆ. ಒಂದೆರಡು ವಾರ ಚೆನ್ನಾಗಿರುತ್ತದೆ. ಸೀಳು ಇರುವ ತನಕ ನೀರು ಇಳಿಯುತ್ತದೆ, ತುಕ್ಕು ಮತ್ತೆ ಬರುತ್ತದೆ. ಆ ಎಣ್ಣೆ ಕೇಬಲ್ ಹಿಡಿದು ಡ್ರಮ್ಮಿಗೆ ಇಳಿದು ಶೂಗೆ ತಾಗಿದರೆ ಹಿಂದಿನ ಬ್ರೇಕೇ ಹಿಡಿಯುವುದಿಲ್ಲ. ಕೇಬಲ್ ಬದಲಿಸಿ. ಅದಕ್ಕೆ ಬೇರೆ ದಾರಿ ಇಲ್ಲ.

ಕೇಬಲ್ ಸರಿ ಇದ್ದರೆ ಡ್ರಮ್ ಬಿಚ್ಚಲೇಬೇಕು. ಎಷ್ಟೋ ಡ್ರಮ್‌ಗಳ ಮುಖದಲ್ಲಿ ಮರೆ (ಬೋಲ್ಟ್ ತಿರುಗಿ ಕೂರುವ ಸುತ್ತು) ಇರುವ ಎರಡು ತೂತು ಇರುತ್ತದೆ. ಅಳತೆಯ ಬೋಲ್ಟ್ ಹಾಕಿ ಎರಡನ್ನೂ ಸಮನಾಗಿ ಬಿಗಿಯುತ್ತಾ ಹೋದರೆ ಡ್ರಮ್ ತಾನಾಗಿ ಆಚೆ ಬರುತ್ತದೆ. ಸುತ್ತಿಗೆಯಲ್ಲಿ ಬಡಿಯುವ ಅಗತ್ಯ ಇಲ್ಲ. ಒಳಗಿನ ಪುಡಿಯನ್ನು ಬಾಯಲ್ಲಾಗಲಿ ಏರ್ ಹೊಡೆದಾಗಲಿ ಊದಬೇಡಿ, ಹಳೆಯ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿ. ಆಮೇಲೆ ನೋಡಿ: ವಾಪಸ್ ಎಳೆಯುವ ಸ್ಪ್ರಿಂಗ್ ಬಿಸಿಗೆ ನೀಲಿ ತಿರುಗಿ ಸೊರಗಿದೆಯಾ, ಶೂ ಮೇಲಿನ ಹ್ಯಾಂಡ್ ಬ್ರೇಕ್ ಲೀವರ್‌ನ ಪಿನ್ ಜಾಮ್ ಆಗಿದೆಯಾ, ಆಯಿಲ್ ಒತ್ತಡದಿಂದ ಶೂ ತಳ್ಳುವ ವೀಲ್ ಸಿಲಿಂಡರ್ ಒಸರುತ್ತಿದೆಯಾ. ಬಹಳ ಜನ ನೋಡದೇ ಬಿಡುವುದು ಶೂಗಳ ಹಿಂದಿನ ತಗಡನ್ನು. ಶೂ ಅಂಚು ಉಜ್ಜಿ ಉಜ್ಜಿ ಅಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿರುತ್ತವೆ. ಶೂ ಆ ಗುಳಿಯಲ್ಲಿ ಕೂತರೆ ಹೊಸ ಸ್ಪ್ರಿಂಗ್ ಹಾಕಿದರೂ ವಾಪಸ್ ಬರುವುದಿಲ್ಲ. ಆ ಜಾಗಗಳಿಗೆ ಬಿಸಿ ತಡೆಯುವ ಗ್ರೀಸ್ ತೆಳ್ಳಗೆ ಸವರಬೇಕು, ಗುಳಿ ಆಳವಾಗಿದ್ದರೆ ತಗಡೇ ಬದಲಾಗಬೇಕು. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಬಿಚ್ಚಿ. ಯಾವ ಸ್ಪ್ರಿಂಗ್ ಎಲ್ಲಿ ಅಂತ ಮರೆತರೆ ಬಿಚ್ಚದೇ ಇರುವ ಕಡೆ ನೋಡಿಕೊಳ್ಳಬಹುದು.

ಇನ್ನು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಈ ಎಲ್ಲಕ್ಕಿಂತ ಮುಂಚೆ, ಹ್ಯಾಂಡ್ ಬ್ರೇಕ್ ತುಂಬ ಮೇಲಕ್ಕೆ ಬರುತ್ತಿದೆ ಅಂತ ನಾನೇ ಕೇಬಲ್ ನಟ್ ಬಿಗಿ ಮಾಡಿದ್ದೆ. ಎರಡೇ ಕ್ಲಿಕ್ಕಿಗೆ ಹಿಡಿಯುವಂತೆ ಆಯ್ತು, ಖುಷಿಪಟ್ಟೆ. ಲೀವರ್ ಮೇಲೆ ಬರುವುದು ಹೆಚ್ಚಾಗಿ ಶೂ ಸವೆದಾಗ. ಆಗ ಮೊದಲು ಡ್ರಮ್ಮಿನ ಒಳಗಿನ ಹಲ್ಲುಚಕ್ರದ ಅಡ್ಜಸ್ಟರ್ ತಿರುಗಿಸಿ ಶೂ ಹತ್ತಿರ ತರಬೇಕು, ಕೇಬಲ್ ಕಡೆಗೆ ಹೋಗಬೇಕಾದದ್ದು ಕೊನೆಗೆ. ನಾನು ಉಲ್ಟಾ ಮಾಡಿದೆ. ಕೇಬಲ್ ಬಿಗಿಯಾದರೆ ಒಳಗಿನ ಲೀವರ್ ತನ್ನ ಜಾಗಕ್ಕೆ ಪೂರ್ತಿ ವಾಪಸ್ ಹೋಗುವುದಿಲ್ಲ, ಎಷ್ಟೋ ಗಾಡಿಗಳಲ್ಲಿ ತಾನಾಗಿ ಅಡ್ಜಸ್ಟ್ ಆಗುವುದೂ ನಿಂತುಹೋಗುತ್ತದೆ, ಶೂ ಸದಾ ಸವರಿಕೊಂಡೇ ಇರುತ್ತದೆ. ಲೋಡಿಗೆ ಅಂತ ಹಿಂದೆ ಎಕ್ಸ್‌ಟ್ರಾ ಸ್ಪ್ರಿಂಗ್ ಪಟ್ಟಿ ಹಾಕಿಸಿ ಗಾಡಿ ಎತ್ತರ ಮಾಡಿಸಿದವರೂ ಇದನ್ನು ಗಮನಿಸಿ. ಆಕ್ಸಲ್ ಕೆಳಗಿಳಿದಷ್ಟೂ ಕೇಬಲ್ ಎಳೆದುಕೊಳ್ಳುತ್ತದೆ.

"ಸವರಿಕೊಂಡರೆ ಏನಾಗುತ್ತೆ, ಶೂ ಮೇಲಿನ ಲೈನರ್ ಪದರ ಸ್ವಲ್ಪ ಸವೆಯುತ್ತೆ" ಅನ್ನುತ್ತೀರಾ? ಆ ಬಿಸಿ ವೀಲ್ ಸಿಲಿಂಡರಿಗೆ ಹೋಗುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನುವುದು ಲೆಕ್ಕ. ಅದು ಗಾಳಿಯ ತೇವ ಹೀರಿಕೊಂಡು ಹಳೆಯದಾದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ಹಳೆಯದಾದಾಗ 155. ಆಯಿಲ್ ಕುದ್ದು ಗುಳ್ಳೆ ಎದ್ದರೆ ಪೆಡಲ್ ಒತ್ತಿದಾಗ ಕಾಲು ಸೀದಾ ಕೆಳಗೆ ಹೋಗುತ್ತದೆ. ಘಾಟಿ ಇಳಿಯುವಾಗ ಹಾಗಾದರೆ ಏನು ಗತಿ ಅಂತ ನೀವೇ ಯೋಚಿಸಿ.

ಗೇರಲ್ಲಿ ನಿಲ್ಲಿಸಿದರೆ ಸಾಲದಾ ಅಂತ ಖಂಡಿತ ಯಾರೋ ಕೇಳುತ್ತಾರೆ. ಸಾಲದು. ಗೇರಲ್ಲಿ ನಿಂತ ಗಾಡಿಯನ್ನು ಹಿಡಿದಿರುವುದು ಎಂಜಿನ್ ಒಳಗಿನ ಕಂಪ್ರೆಷನ್. ಅದು ಪಿಸ್ಟನ್ ರಿಂಗ್ ಪಕ್ಕದಿಂದ ನಿಧಾನವಾಗಿ ಸೋರುತ್ತದೆ, ಎಂಜಿನ್ ಒಂದೊಂದೇ ಹೆಜ್ಜೆ ತಿರುಗುತ್ತದೆ. ನನ್ನ ತಮ್ಮನ ಕಡೆಗೆ ಗಾಡಿ ಜಗ್ಗಿ ನಿಂತು ಜಗ್ಗಿದ್ದು ಹಾಗೆಯೇ. ಗೇರ್ ಹಾಕಿ, ಬೇಡ ಅನ್ನುವುದಿಲ್ಲ. ಮೊದಲು ಹ್ಯಾಂಡ್ ಬ್ರೇಕ್, ಅದರ ಜೊತೆಗೆ ಗೇರ್.

ಹಿಮ ಬೀಳುವ ದೇಶಗಳಲ್ಲಿ ಕೇಬಲ್ ಒಳಗಿನ ನೀರು ಹೆಪ್ಪುಗಟ್ಟುತ್ತದೆ, ಅಲ್ಲಿ ಹಾಕಬೇಡಿ ಅನ್ನುವುದಕ್ಕೆ ಅರ್ಥ ಇದೆ. ದೊಡ್ಡ ಇಳಿಜಾರು ಇಳಿದು ಡ್ರಮ್ ಕೆಂಡದ ಹಾಗೆ ಕಾದಿರುವಾಗ ಬಲವಾಗಿ ಎಳೆದರೆ, ಅದು ತಣ್ಣಗಾಗಿ ಕುಗ್ಗುವಾಗ ಶೂ ಕಚ್ಚಿಕೊಳ್ಳಬಹುದು. ಇದನ್ನೂ ಒಪ್ಪುತ್ತೇನೆ. ಸಮತಟ್ಟಾದ ಜಾಗದಲ್ಲಿ, ಗಾಡಿ ತೊಳೆದ ದಿನ ರಾತ್ರಿ, ಚಕ್ರಕ್ಕೆ ಸರಿಯಾದ ಮರದ ತುಂಡು ಕೊಟ್ಟು ಹ್ಯಾಂಡ್ ಬ್ರೇಕ್ ಹಾಕದೆ ಬಿಡಿ, ನನ್ನ ತಕರಾರಿಲ್ಲ. ತೊಳೆದ ಮೇಲೆ ಸ್ವಲ್ಪ ದೂರ ಮೆಲ್ಲಗೆ ಬ್ರೇಕ್ ಹಾಕುತ್ತಾ ಓಡಿಸಿದರೆ ಒಳಗೆ ಒಣಗುತ್ತದೆ, ಅದೂ ಬೇಕಾಗುವುದಿಲ್ಲ. ಒಂದು ದಿನದ ಈ ಎಚ್ಚರಿಕೆಯನ್ನು ವರ್ಷವಿಡೀ ಮಾಡಿಕೊಂಡು ಲೀವರ್ ಮುಟ್ಟದೇ ಇರುವುದೇ ತಪ್ಪು. ಓಡಾಡದ ಕೇಬಲ್‌ಗೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಹಿಡಿದುಕೊಳ್ಳುತ್ತೆ ಅಂತ ಹಾಕುವುದಿಲ್ಲ, ಹಾಕದೇ ಇರುವುದರಿಂದ ಇನ್ನಷ್ಟು ಹಿಡಿದುಕೊಳ್ಳುತ್ತದೆ.

ಬೆಳಿಗ್ಗೆ ಎದ್ದಾಗ ಅಂಟಿಕೊಂಡಿದ್ದರೆ ಎಕ್ಸಿಲರೇಟರ್ ಒತ್ತಿ ಕಿತ್ತುಕೊಂಡು ಹೋಗಬೇಡಿ. ಶೂ ಮೇಲಿನ ಲೈನರ್ ಸುಲಿದು ಡ್ರಮ್ಮಿಗೇ ಅಂಟಿ ಉಳಿಯಬಹುದು. ಹಿಂದಕ್ಕೆ ಮುಂದಕ್ಕೆ ಮೆತ್ತಗೆ ಅಲ್ಲಾಡಿಸಿ, ಟಕ್ ಅಂತ ಬಿಡುತ್ತದೆ. ಬಿಡಲಿಲ್ಲ ಅಂದರೆ ಜಾಕ್ ತೆಗೆಯಿರಿ.

ನಮ್ಮ ಗಾಡಿಗೆ ಹೊಸ ಕೇಬಲ್ ಹಾಕಿದ ಸಂಜೆ ಲೀವರ್ ಎತ್ತಿ ಇಳಿಸಿ, ಎತ್ತಿ ಇಳಿಸಿ, ಹತ್ತು ಸಲ ಮಾಡಿದೆ. ಆಮೇಲೆ ಎಡಗಡೆ ಚಕ್ರವನ್ನು ಒಂದೇ ಕೈಯಲ್ಲಿ ತಿರುಗಿಸಿದೆ. ಎರಡು ಸುತ್ತು ಹೋಯಿತು. ತಮ್ಮ ಪಕ್ಕದಲ್ಲೇ ನಿಂತಿದ್ದ. ಏನೂ ಹೇಳದೆ ಅವನೂ ಒಂದು ಸಲ ತಿರುಗಿಸಿ ನೋಡಿದ.

ಇವತ್ತಿನ ಆ ಡ್ರೈವರ್ ಹತ್ತಿರ ಫೋನ್ ನಂಬರ್ ತೆಗೆದುಕೊಂಡು ಬಂದಿದ್ದೇನೆ. ಭಾನುವಾರ ಗಾಡಿ ಖಾಲಿ ಇರುತ್ತದಂತೆ, ತರುತ್ತೇನೆ ಅಂದಿದ್ದಾನೆ. ಕಲ್ಲು ಕೊಟ್ಟ ಹುಡುಗನೂ ಬರುತ್ತಾನಂತೆ, ಡ್ರಮ್ ಒಳಗೆ ಹೇಗಿರುತ್ತದೆ ಅಂತ ಅವನು ನೋಡಬೇಕಂತೆ. ಸ್ಟ್ಯಾಂಡ್ ಎರಡೂ ಒರೆಸಿ ಇಟ್ಟಿದ್ದೇನೆ.