ಬೇಸಿಗೆಯಲ್ಲಿ ಕೆಡುವ ಯಂತ್ರ

ನಮ್ಮ ಗರಾಜಿನ ಮೂಲೆಯಲ್ಲಿ, ಸೋನಾ ಮಸೂರಿ ಅಕ್ಕಿಯ ಚೀಲಗಳ ಪಕ್ಕದಲ್ಲಿ, ಸುಮಾರು 28 ವರ್ಷ ಹಳೆಯ ಸ್ನೋ ಬ್ಲೋವರ್, ಅಂದರೆ ಹಿಮವನ್ನು ಬಾಚಿ ದೂರ ಎಸೆಯುವ ಯಂತ್ರ, ಒಂದು ನಿಂತಿದೆ. ನಿವೃತ್ತರಾಗಿ ಬೆಚ್ಚಗಿನ ಫ್ಲಾರಿಡಾಕ್ಕೆ ಹೊರಟಿದ್ದ ನೆರೆಮನೆಯ ಹಿರಿಯರು, ಇನ್ನು ಇದರ ಮುಖ ನೋಡುವ ಕರ್ಮ ತಮಗಿಲ್ಲವೆಂದು ನಗುತ್ತ, 150 ಡಾಲರಿಗೆ ಅದನ್ನು ನಮ್ಮ ಮನೆಯವರೆಗೂ ತಳ್ಳಿಕೊಂಡು ಬಂದು ಬಿಟ್ಟುಹೋದರು. ಬಣ್ಣ ಮಾಸಿದೆ, ಮೂತಿಯ ತಗಡು ಎರಡು ಕಡೆ ನೆಗ್ಗಿದೆ, ಆದರೆ 8 ಅಶ್ವಶಕ್ತಿಯ ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ. ಒಂಬತ್ತು ಚಳಿಗಾಲ ಅದನ್ನು ಸಾಕಿದ ಮೇಲೆ ನನಗೆ ತಿಳಿದ ವಿಚಿತ್ರವೆಂದರೆ, ಅದು ಹಿಮದಲ್ಲಿ ದುಡಿದು ಕೆಟ್ಟದ್ದು ಕಡಿಮೆ. ಅದಕ್ಕೆ ಕಾಯಿಲೆ ಅಂಟಿಕೊಳ್ಳುವುದೆಲ್ಲ ಜೂನ್, ಜುಲೈ ತಿಂಗಳುಗಳಲ್ಲಿ, ಯಾರ ಗೋಜಿಗೂ ಹೋಗದೆ ಸುಮ್ಮನೆ ನಿಂತಿರುವಾಗ.

ನಾವಿರುವುದು ಅಮೆರಿಕದ ಬಫಲೋ ನಗರದ ದಕ್ಷಿಣಕ್ಕೆ. ಈರಿ ಸರೋವರ ನೈಋತ್ಯದಿಂದ ಈಶಾನ್ಯಕ್ಕೆ ಉದ್ದಕ್ಕೆ ಚಾಚಿಕೊಂಡಿದ್ದು, ಅದರ ತುದಿಯಲ್ಲಿ ನಮ್ಮೂರು ಸಿಕ್ಕಿಕೊಂಡಿದೆ. ಚಳಿಗಾಲದ ಆರಂಭದಲ್ಲಿ, ನೀರು ಇನ್ನೂ ಹೆಪ್ಪುಗಟ್ಟದಿರುವಾಗ, ಕೊರೆಯುವ ಗಾಳಿ ಅದರ ಉದ್ದಕ್ಕೂ ಬೀಸಿ ಬಂದು, ದಾರಿಯಲ್ಲಿ ಹೀರಿದ ತೇವವನ್ನೆಲ್ಲ ನಮ್ಮ ತಲೆಯ ಮೇಲೆ ಹಿಮವಾಗಿ ಸುರಿಯುತ್ತದೆ. 2022ರ ನವೆಂಬರಿನಲ್ಲಿ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್ ಕಡೆ ಕೆಲವೇ ದಿನಗಳಲ್ಲಿ ಸುಮಾರು 80 ಅಂಗುಲ ಬಿತ್ತು. ಮೋಡ ಕಂಡರೆ ಹಿಗ್ಗುವ ತುಮಕೂರು ಸೀಮೆಯ ಅಭ್ಯಾಸ ನನ್ನಿಂದ ಬಿಟ್ಟುಹೋಗಲು ಎರಡೇ ಚಳಿಗಾಲ ಸಾಕಾಯಿತು.

ಯಂತ್ರದ ಕೆಲಸ ಎರಡು ಹಂತದ್ದು. ಬಾಯಲ್ಲಿ ಅಡ್ಡಲಾಗಿ ತಿರುಗುವ ಸುರುಳಿಯಾಕಾರದ ಆಗರ್ ಹಿಮವನ್ನು ಕೊರೆದು ನಡುವಿಗೆ ತಳ್ಳುತ್ತದೆ. ಅದರ ಹಿಂದೆ ಹಲವು ಪಟ್ಟು ವೇಗದಲ್ಲಿ ತಿರುಗುವ ಇಂಪೆಲ್ಲರ್ ಅದನ್ನು ಮೇಲಿನ ಕೊಳವೆಯ ಮೂಲಕ ದೂರಕ್ಕೆ ಎಸೆಯುತ್ತದೆ. 1925ರಲ್ಲಿ ಸ್ನೋ ಬ್ಲೋವರನ್ನು ರೂಪಿಸಿದ ಕೆನಡಾದ ಕ್ವಿಬೆಕ್ಕಿನ ಆರ್ಥರ್ ಸಿಕಾರ್ ಅವರಿಗೆ ಈ ಉಪಾಯ ಹೊಳೆದದ್ದು ಗೋಧಿ ಒಕ್ಕುವ ಯಂತ್ರವನ್ನು ಕಂಡು ಎನ್ನುತ್ತಾರೆ. ರಾಗಿ ಕಣದಲ್ಲಿ ಯಂತ್ರದ ಬಾಯಿಂದ ಹೊಟ್ಟು ಹಾರುವುದನ್ನು ನೋಡಿದವರಿಗೆ ಅದನ್ನು ನಂಬಲು ಕಷ್ಟವಾಗದು.

ಮೊದಲ ನವೆಂಬರಿನಲ್ಲಿ ಹಗ್ಗ ಎಳೆದಾಗ ಎಂಜಿನ್ ಹೊತ್ತಿಕೊಂಡಿತು, ಆದರೆ ಚೋಕ್ ತೆಗೆದೊಡನೆ ಉಸಿರು ಬಿಟ್ಟಿತು. ಅರ್ಧ ಚೋಕಿನಲ್ಲಿಟ್ಟರೆ ಸದ್ದು ಏರುತ್ತ, ಇಳಿಯುತ್ತ, ತೊಟ್ಟಿಲು ತೂಗಿದಂತೆ ಓಡುತ್ತಿತ್ತು. ಹೊಸ ಪ್ಲಗ್ ಹಾಕಿದ್ದೂ ದಂಡವಾಯಿತು. ಚೋಕ್ ಹಾಕಿದಾಗ ಮಾತ್ರ ಓಡುತ್ತದೆಂದರೆ ಪೆಟ್ರೋಲು ಸಾಲುತ್ತಿಲ್ಲವೆಂದೂ, ಗಾಳಿಯನ್ನು ಕಡಿಮೆ ಮಾಡಿದ್ದರಿಂದಷ್ಟೇ ಇದ್ದ ಪೆಟ್ರೋಲು ಸಾಕೆನಿಸುತ್ತಿದೆಯೆಂದೂ ಅರ್ಥವಾಗಲು ನನಗೆ ಒಂದು ಶನಿವಾರ ಪೂರ್ತಿ ಬೇಕಾಯಿತು. ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ತಳದಲ್ಲಿ ಟೀ ಸೋಸುವ ಜರಡಿಯಷ್ಟು ಅಗಲದ ಬಟ್ಟಲೊಂದಿದೆ. ಅದನ್ನು ಹಿಡಿದಿರುವುದು ಒಂದೇ ಒಂದು ಬೋಲ್ಟ್. ಈ ಬೋಲ್ಟೇ ಪೆಟ್ರೋಲು ಅಳೆದು ಕೊಡುವ ಜೆಟ್ ಎಂಬುದು ಬಿಚ್ಚಿದ ಮೇಲೆ ಗೊತ್ತಾಯಿತು. ನಡುವೆ ಸೂಜಿ ತೂರುವಷ್ಟು ಒಂದು ರಂಧ್ರ, ತಿರುಪಿನ ಸುತ್ತುಗಳ ಹತ್ತಿರ ಕೂದಲಿನಷ್ಟು ಸಣ್ಣ ಇನ್ನೊಂದು. ಎರಡನೆಯದು ಕಾಣಿಸಲೇ ಇಲ್ಲ. ಕನ್ನಡಕ ಬದಲಾಯಿಸಿ, ದೀಪಕ್ಕೆ ಹಿಡಿದು ನೋಡಿದಾಗ ಅಲ್ಲೊಂದು ಕಂದು ಚುಕ್ಕೆ ಇತ್ತು. ಬಟ್ಟಲಿನ ತಳದಲ್ಲಿಯೂ ಅದೇ ಬಣ್ಣದ ಅಂಟು, ಬೆಲ್ಲದ ಪಾಕ ಹಳಸಿದಂತೆ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಪೆಟ್ರೋಲಿನ ಹಗುರ ಭಾಗ ಆವಿಯಾಗಿ ಹೋಗಿ, ಉಳಿದದ್ದು ತಿಂಗಳುಗಟ್ಟಲೆ ನಿಂತಲ್ಲೇ ನಿಂತು ಅಂಟಾಗುತ್ತದೆ. ಮಗಳ ಗಿಟಾರಿನ ತುಂಡಾದ ತಂತಿಯನ್ನು ಆ ರಂಧ್ರದಲ್ಲಿ ಹತ್ತು ಬಾರಿ ಆಡಿಸಿ, ಕ್ಲೀನರ್ ಸಿಂಪಡಿಸಿ, ಮತ್ತೆ ಜೋಡಿಸಿ ಹಗ್ಗ ಎಳೆದಾಗ ಎಂಜಿನ್ ಎರಡನೆಯ ಎಳೆತಕ್ಕೇ ಒಂದೇ ಶ್ರುತಿಯಲ್ಲಿ ಓಡತೊಡಗಿತು. ಆ ತಂತಿ ಈಗಲೂ ನನ್ನ ಸಲಕರಣೆ ಪೆಟ್ಟಿಗೆಯಲ್ಲಿದೆ; ಅಲ್ಲಿರುವ ಎಷ್ಟೋ ದುಬಾರಿ ಸಾಮಾನುಗಳಿಗಿಂತ ಅದಕ್ಕೇ ಕೆಲಸ ಹೆಚ್ಚು.

ಆಗರ್ ತನ್ನ ದಂಡಕ್ಕೆ ಅಂಟಿಕೊಂಡಿರುವುದು ಶಿಯರ್ ಪಿನ್ ಎಂಬ ಮೆದು ಲೋಹದ ಎರಡು ಪಿನ್ನುಗಳಿಂದ. ಮುರಿಯುವುದೇ ಅವುಗಳ ಉದ್ಯೋಗ. ಒಮ್ಮೆ ಹಿಮದಡಿ ಕಲ್ಲಾಗಿ ಹೋಗಿದ್ದ ಭಾನುವಾರದ ದಪ್ಪ ಪತ್ರಿಕೆಯನ್ನು ಯಂತ್ರ ನುಂಗಲು ಹೋದಾಗ ಒಂದು ಪಿನ್ ಟಪ್ಪೆಂದು ಮುರಿಯಿತು. ಒಂದು ಬದಿಯ ಆಗರ್ ನಿಂತಿತು, ಗೇರ್‌ಬಾಕ್ಸ್ ಬದುಕಿತು. ಅವಸರದಲ್ಲಿ ಡಬ್ಬಿಯೊಳಗೆ ಕೈಗೆ ಸಿಕ್ಕಿದ ಗಟ್ಟಿ ಬೋಲ್ಟನ್ನು ಹಾಕಹೊರಟಿದ್ದೆ. ಫ್ಲಾರಿಡಾದ ಹಿರಿಯರು ಫೋನಿನಲ್ಲೇ ಗದರಿದರು: ಬೋಲ್ಟ್ ಮುರಿಯದಿದ್ದರೆ ಒಳಗಿನ ಹಲ್ಲುಗಳು ಮುರಿಯುತ್ತವೆ. ಅವರು ಹೇಳಿದ ಇನ್ನೊಂದು ಮಾತಂತೂ ಯಾವ ಅಂಗಡಿಯವನೂ ನನಗೆ ಹೇಳಿರಲಿಲ್ಲ. ಪಿನ್ ಮುರಿದ ಮೇಲೆ ಆಗರ್ ದಂಡದ ಮೇಲೆ ಸಡಿಲವಾಗಿ ಸುತ್ತಬೇಕು. ಬೇಸಿಗೆಯ ತೇವದಲ್ಲಿ ಎರಡೂ ತುಕ್ಕು ಹಿಡಿದು ಬೆಸೆದುಕೊಂಡಿದ್ದರೆ ಪಿನ್ ಮುರಿದೂ ಪ್ರಯೋಜನವಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಪಿನ್ನುಗಳನ್ನು ತೆಗೆದು, ಗ್ರೀಸ್ ಒತ್ತಿ, ಆಗರನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ ನೋಡುತ್ತೇನೆ. ಮೊದಲ ವರ್ಷ ಬಲಗಡೆಯದು ಅಲುಗಾಡಲೇ ಇಲ್ಲ. ಎಣ್ಣೆ ಕುಡಿಸಿ, ಮರದ ಸುತ್ತಿಗೆಯಿಂದ ಬಡಿದು, ಅದನ್ನು ಬಿಡಿಸಲು ನಾಲ್ಕು ಸಂಜೆ ಹಿಡಿಯಿತು.

ಎಲ್ಲಕ್ಕಿಂತ ಕೆಟ್ಟದ್ದು ರಸ್ತೆಯ ಹಿಮ ಗೋರುವ ಲಾರಿ ನಮ್ಮ ಡ್ರೈವ್‌ವೇ, ಅಂದರೆ ಗರಾಜಿನಿಂದ ರಸ್ತೆಗೆ ಹೋಗುವ ದಾರಿಯ, ಬಾಯಿಗೆ ಒತ್ತಿ ಹೋಗುವ ಹಿಮದ ಗೋಡೆ. ಉಪ್ಪು ಬೆರೆತು ನೀರಾದ ಆ ಹಿಮ ಕೊಳವೆಯಲ್ಲಿ ಗಂಟಲಿಗೆ ಸಿಕ್ಕಿದ ತುತ್ತಿನಂತೆ ನಿಲ್ಲುತ್ತದೆ. ಅಲ್ಲಿಗೆ ಕೈ ಹಾಕಬಾರದು. ಎಂಜಿನ್ ನಿಲ್ಲಿಸಿದ ಮೇಲೂ ಬೆಲ್ಟಿನಲ್ಲಿ ಉಳಿದ ಬಿಗಿತ, ಹಿಮ ಬಿಡಿಸಿದ ಕ್ಷಣದಲ್ಲಿ ಇಂಪೆಲ್ಲರನ್ನು ಕಾಲು ಸುತ್ತು ತಿರುಗಿಸಿಬಿಡಬಹುದು, ಬೆರಳು ಹೋಗಲು ಅಷ್ಟು ಸಾಕು. ಯಂತ್ರದ ಜೊತೆ ಬಂದಿದ್ದ ಪ್ಲಾಸ್ಟಿಕ್ ಕೋಲು ಎಂದೋ ಕಳೆದುಹೋಗಿದ್ದುದರಿಂದ, ಬುಡ ಸೀಳಿ ಅಡುಗೆಮನೆಯಿಂದ ನಿವೃತ್ತವಾಗಿದ್ದ ಮುದ್ದೆಕೋಲನ್ನು ತಂದೆ. ಅಂಟುವ ಪದಾರ್ಥವನ್ನು ಗಂಟಿಲ್ಲದಂತೆ ತಿರುವುವುದಕ್ಕೆಂದೇ ಹುಟ್ಟಿದ ಆ ಕೋಲು ಹೊಸ ಹುದ್ದೆಗೆ ಒಗ್ಗಿಕೊಳ್ಳಲು ಒಂದು ದಿನವನ್ನೂ ತೆಗೆದುಕೊಳ್ಳಲಿಲ್ಲ.

ಬೇಸಿಗೆಯ ಕಾಯಿಲೆಗೆ ಮದ್ದು ಏಪ್ರಿಲಿನಲ್ಲೇ ಆಗಬೇಕು. ಕೊನೆಯ ಹಿಮ ಕರಗಿದೆಯೆಂದು ಖಾತ್ರಿಯಾದ ಮೇಲೆ (ಈ ಊರಿನಲ್ಲಿ ಆ ಖಾತ್ರಿ ಮೇ ತಿಂಗಳವರೆಗೂ ಅಷ್ಟಕ್ಕಷ್ಟೆ) ಟ್ಯಾಂಕನ್ನು ಬರಿದು ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದ ಹನಿಗಳೂ ಮುಗಿಯುವವರೆಗೆ ಎಂಜಿನನ್ನು ಓಡಿಸಿ ಬಿಡುತ್ತೇನೆ; ಅದು ಎರಡು ಸಲ ಕೆಮ್ಮಿ ತಾನೇ ನಿಲ್ಲುತ್ತದೆ. ಆಯಿಲ್ ಬದಲಾಯಿಸುವುದು, ಗ್ರೀಸ್ ಹಾಕುವುದು, ಬೆಲ್ಟ್ ನೋಡುವುದು ಆಯುಧಪೂಜೆಯ ದಿನಕ್ಕೆ. ಹಿಮ ಬೀಳುವ ಮೊದಲು ಮಾಡಬೇಕೆಂದಿದ್ದರೆ ನಾಳೆ ನಾಳೆ ಎನ್ನುತ್ತ ಕೂರುವ ನನ್ನಂಥವನಿಗೆ, ಕುಂಕುಮ ಹಚ್ಚುವ ಮುಂಚೆ ಒರೆಸಲೇಬೇಕಾದ ಒಂದು ದಿನ ಪಂಚಾಂಗದಲ್ಲಿ ಇರುವುದು ಅನುಕೂಲ. ಕಳೆದ ವರ್ಷ ಹಾಗೆ ಒರೆಸುತ್ತ ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದಾಗ, ಗಾಳಿ ಹಾಯುವ ಜಾಗದಲ್ಲಿ ಇಲಿಯ ಗೂಡೊಂದು ಮೆತ್ತಗೆ ಕೂತಿತ್ತು. ಅಕ್ಕಿಚೀಲದ ನೂಲನ್ನೇ ಎಳೆದು ನೇಯ್ದ ಗೂಡು. ನಡುವೆ ಹತ್ತಿಪ್ಪತ್ತು ಸೋನಾ ಮಸೂರಿ ಕಾಳುಗಳು, ಒಂದು ಬಾಣಲೆ ತಿಂಡಿಗೂ ಸಾಲದಷ್ಟು. ಅಕ್ಕಿ ಅಂದೇ ಅಡುಗೆಮನೆಯ ಡಬ್ಬಿಗೆ ಹೋಯಿತು. ಮುದ್ದೆಕೋಲು ಗರಾಜಿನಲ್ಲೇ ಇದೆ. ಊರಿನಿಂದ ಬರುವವರು ಹೊಸದೊಂದನ್ನು ತರುತ್ತಾರೆಂದು ಕಾಯುತ್ತಿರುವ ಹೆಂಡತಿ, ಅದು ಬಂದ ದಿನವೇ ಅದರ ಮೇಲೆ ತನ್ನ ಹೆಸರು ಬರೆದಿಡುವುದಾಗಿ ಈಗಾಗಲೇ ಹೇಳಿಟ್ಟಿದ್ದಾಳೆ.